ಸಹಿ ಮಾಡುವ ಮೊದಲು

"ಕಾನೂನು ಮಾಡುವವರು ಬೆಂಗಳೂರಿನಲ್ಲಿ ಕೂತು ಮಾಡುತ್ತಾರೆ, ನಮ್ಮಂಥವರನ್ನು ಯಾರು ಕೇಳುತ್ತಾರೆ?" ಈ ಮಾತನ್ನು ನಾನು ಮದುವೆ ಮನೆಗಳಲ್ಲಿ ಕೇಳಿದ್ದೇನೆ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೇನೆ, ಅರಿಶಿನ ಕುಂಕುಮಕ್ಕೆ ಕರೆದ ಮನೆಗಳ ಪಡಸಾಲೆಯಲ್ಲಿ ಕೇಳಿದ್ದೇನೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಂತೂ ದಿನ ಬೆಳಗಾದರೆ ಇದೇ ಮಾತು. ನಾನೂ ಎಷ್ಟೋ ಸಲ ಆಡಿದ್ದೇನೆ. ಆಡಿದಾಗ ಒಂದು ಬಗೆಯ ಸಮಾಧಾನವಾಗುತ್ತದೆ. ದೂರಿದ ಹಾಗೂ ಆಯಿತು, ಕೆಲಸ ತಪ್ಪಿದ ಹಾಗೂ ಆಯಿತು. ಈಗ ಐವತ್ತು ದಾಟಿ, ನಿವೃತ್ತಿಗೆ ಬೆರಳಲ್ಲಿ ಎಣಿಸುವಷ್ಟು ವರ್ಷ ಉಳಿದಿರುವಾಗ ಈ ಮಾತು ಕಿವಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ಇದು ಪೂರ್ತಿ ನಿಜವಲ್ಲ. ಶಾಲೆಯ ವಿಷಯದಲ್ಲಿ ತಾಯಂದಿರನ್ನು ಕೇಳಲೇಬೇಕು ಎನ್ನುವ ಕಾನೂನು ಇದೆ. ಅದು ಬಂದು ವರ್ಷಗಳೇ ಆದವು. ಕೇಳಿದಾಗ ಬಾಯಿ ತೆರೆಯುವವರು ಕಡಿಮೆ.

ನಾನು ಧಾರವಾಡ ಸೀಮೆಯ ಒಂದು ತಾಲ್ಲೂಕು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂವಿಧಾನ, ಶಾಸನಸಭೆ, ಪ್ರಜೆಗಳ ಹಕ್ಕು ಎಂದು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ಹಗಲು ಹಕ್ಕುಗಳ ಪಾಠ ಮಾಡಿ, ಸಂಜೆ ನಾನೇನು ಮಾಡುತ್ತಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇನ್ನೊಬ್ಬರನ್ನು ಬೈಯಲು ಹೊರಟವಳು ತನ್ನ ಮನೆಯ ಕಸವನ್ನು ಮೊದಲು ಗುಡಿಸಬೇಕಲ್ಲ.

ನಮ್ಮ ಶಾಲೆಯಲ್ಲಿ ಎಸ್.ಡಿ.ಎಂ.ಸಿ., ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅದರ ಸಭೆಯ ನಡಾವಳಿ ಬರೆಯಲು ಒಂದು ದಪ್ಪ ಪುಸ್ತಕವಿದೆ. ಸಭೆ ನಡೆಯುತ್ತಿದ್ದದ್ದು ಅಪರೂಪ. ಪುಸ್ತಕ ಮಾತ್ರ ತಪ್ಪದೆ ತುಂಬುತ್ತಿತ್ತು. ಮೇಲಿನಿಂದ ಯಾವುದಾದರೂ ಸುತ್ತೋಲೆ ಬಂದರೆ, ಅನುದಾನ ಖರ್ಚು ಹಾಕಬೇಕಾದರೆ, ಹೆಡ್‌ಮಾಸ್ತರರು ಠರಾವು ಬರೆದಿಡುತ್ತಿದ್ದರು. ಅದನ್ನು ಚೀಲದಲ್ಲಿ ಹಾಕಿಕೊಂಡು ಸಮಿತಿಯ ಹೆಣ್ಣುಮಕ್ಕಳ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವ ಕೆಲಸ ನನ್ನದು. "ನೀವು ಹೆಂಗಸರು, ನಿಮಗೆ ಇಲ್ಲ ಅನ್ನೂದಿಲ್ಲ" ಎಂದು ಅವರು ಹೇಳುತ್ತಿದ್ದರು. ನಿಜ, ಯಾರೂ ಇಲ್ಲ ಅನ್ನಲಿಲ್ಲ. ರೊಟ್ಟಿ ಬಡಿಯುವ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಮೇಲೆ ಚಹಾ ಕೊಟ್ಟು ಕಳಿಸುತ್ತಿದ್ದರು.

2014ರ ಮಳೆಗಾಲದಲ್ಲಿ ಒಬ್ಬಳು ಇಲ್ಲ ಅಂದಳು. ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವವಳು. ಮಗಳು ನಮ್ಮ ಶಾಲೆಯಲ್ಲಿ ಏಳನೆಯ ಇಯತ್ತೆ. ಪುಸ್ತಕ ಬಿಡಿಸಿ ಪೆನ್ನು ಕೊಟ್ಟರೆ ಅವಳು ಪೆನ್ನು ಹಿಡಿದಳು, ಬರೆಯಲಿಲ್ಲ.

"ಅಕ್ಕೋರೇ, ಇದರಾಗ ಏನ್ ಬರದೈತಿ ಅಂತ ಒಂದೀಟು ಓದಿ ಹೇಳ್ರಿ."

"ಏನಿಲ್ಲ ತಂಗೀ, ಮೀಟಿಂಗ್ ಆತು ಅಂತ ಬರದೈತಿ, ಅಷ್ಟ."

"ಮೀಟಿಂಗ್ ಯಾವಾಗ ಆತ್ರೀ?"

ನಾನು ಸುಮ್ಮನಾದೆ. ಅವಳು ಬಿಡಲಿಲ್ಲ. ಕೊನೆಗೆ ಓದಿದೆ. ಶಾಲೆಯ ಶೌಚಾಲಯಗಳು ಸುಸ್ಥಿತಿಯಲ್ಲಿವೆ, ನೀರಿನ ವ್ಯವಸ್ಥೆ ಇದೆ ಎಂಬುದನ್ನು ಸಭೆ ಸರ್ವಾನುಮತದಿಂದ ಒಪ್ಪಿತು ಎಂದು ಬರೆದಿತ್ತು. ಅವಳು ಸಿಟ್ಟಾಗಲಿಲ್ಲ, ಅತ್ತೂ ಇಲ್ಲ. "ನನ್ನ ಮಗಳು ಮುಂಜಾನೆ ನೀರು ಕುಡಿಯೂದು ಬಿಟ್ಟಾಳ್ರೀ. ಸಾಲ್ಯಾಗ ಹೋಗಾಕ ಬರೂದಿಲ್ಲ ಅಂತ. ನೀವು ನೀರೈತಿ ಅಂತ ಬರಕೊಂಡ್ ಬಂದೀರಿ" ಅಂದಳು. ಪೆನ್ನನ್ನು ಪುಸ್ತಕದ ಮೇಲಿಟ್ಟು ಒಲೆಯ ಮುಂದೆ ಹೋಗಿ ಕೂತಳು.

ಆ ಶೌಚಾಲಯ ನನಗೆ ಗೊತ್ತಿರಲಿಲ್ಲವೇ? ನಾಲ್ಕು ವರ್ಷಗಳಿಂದ ಗೊತ್ತಿತ್ತು. ಕಟ್ಟಡ ಇತ್ತು, ಬಾಗಿಲಿಗೆ ಬಣ್ಣವಿತ್ತು, ನಳ ಇರಲಿಲ್ಲ. ನಾವು ಶಿಕ್ಷಕಿಯರು ಬಿಡುವಿನಲ್ಲಿ ಎದುರು ಮನೆಯವರ ಬಚ್ಚಲಿಗೆ ಹೋಗಿ ಬರುತ್ತಿದ್ದೆವು. ನಮಗೊಂದು ದಾರಿ ಇತ್ತು. ಆದ್ದರಿಂದ ಹುಡುಗಿಯರಿಗೆ ದಾರಿ ಇಲ್ಲ ಎಂಬುದು ಕಣ್ಣಿಗೆ ಬೀಳಲಿಲ್ಲ. ಆರು ಮತ್ತು ಏಳನೆಯ ಇಯತ್ತೆಯ ಹುಡುಗಿಯರು ತಿಂಗಳಿಗೆ ಮೂರು ನಾಲ್ಕು ದಿನ ಬರುವುದಿಲ್ಲ ಎಂದು ಹಾಜರಿ ಪುಸ್ತಕದಲ್ಲಿ ನಾನೇ ಗೈರು ಹಾಕುತ್ತಿದ್ದೆ. "ಹುಡುಗಿಯರಿಗೆ ಓದಿನ ಮೇಲೆ ಲಕ್ಷ್ಯವಿಲ್ಲ" ಎಂದು ಪಾಲಕರಿಗೆ ಬುದ್ಧಿ ಹೇಳಿದವಳೂ ನಾನೇ.

ಅಂದು ರಾತ್ರಿ ನಾನು ಕಾನೂನಿನ ಪುಸ್ತಕ ತೆಗೆದೆ. ತರಬೇತಿಯಲ್ಲಿ ಕೊಟ್ಟದ್ದು, ಕಪಾಟಿನಲ್ಲಿ ಹಾಗೇ ಇತ್ತು. ಅದರಲ್ಲಿದ್ದುದನ್ನು ನಿಮಗೂ ಹೇಳುತ್ತೇನೆ, ಬೇಸರಪಡದೆ ಓದಿ. ನಮ್ಮ ರಾಜ್ಯದಲ್ಲಿ ಎಸ್.ಡಿ.ಎಂ.ಸಿ. ಬಂದದ್ದು 2001ರ ಏಪ್ರಿಲ್ ತಿಂಗಳ ಸರ್ಕಾರಿ ಆದೇಶದಿಂದ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಾಲೆಯ ಉಸ್ತುವಾರಿ ಪಾಲಕರ ಕೈಯಲ್ಲಿರಬೇಕು ಎಂದದ್ದರ ಫಲ ಅದು. ಆಮೇಲೆ 2009ರಲ್ಲಿ ಸಂಸತ್ತು ಶಿಕ್ಷಣ ಹಕ್ಕು ಕಾಯ್ದೆ ಮಾಡಿತು. ಅದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು; ನಮ್ಮ ರಾಜ್ಯದ ನಿಯಮಗಳು 2012ರಲ್ಲಿ ಬಂದವು. ಆ ಕಾಯ್ದೆಯ 21ನೇ ಕಲಂ ಹೇಳುವ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿಗಳೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ಹಣ ಹೇಗೆ ಖರ್ಚಾಯಿತು ಎಂದು ನೋಡುವುದು ಅವರ ಕೆಲಸ. 22ನೇ ಕಲಮಿನಂತೆ ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕಾದದ್ದೂ ಅದೇ ಸಮಿತಿ. ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ. ಶುದ್ಧ ಕುಡಿಯುವ ನೀರು, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಬಿಸಿಯೂಟದ ಅಡುಗೆಮನೆ, ಆಟದ ಮೈದಾನ, ಕಂಪೌಂಡು, ಗ್ರಂಥಾಲಯ ಎಂದು ಪಟ್ಟಿಯೇ ಇದೆ. ಹಳೆಯ ಶಾಲೆಗಳಿಗೆ ಇದನ್ನು ಒದಗಿಸಲು ಕೊಟ್ಟ ಮೂರು ವರ್ಷಗಳ ಗಡುವು 2013ರ ಮಾರ್ಚ್ 31ಕ್ಕೆ ಮುಗಿದಿತ್ತು. ಅದಕ್ಕೂ ಮೊದಲು, 2012ರ ಅಕ್ಟೋಬರಿನಲ್ಲಿ, ಸುಪ್ರೀಂ ಕೋರ್ಟು ದೇಶದ ಎಲ್ಲ ಶಾಲೆಗಳಲ್ಲಿ ಆರು ತಿಂಗಳೊಳಗೆ ಶೌಚಾಲಯ, ಕುಡಿಯುವ ನೀರು ಇರಬೇಕು ಎಂದು ಆದೇಶಿಸಿತ್ತು. ಇಷ್ಟೆಲ್ಲ ಆದ ಮೇಲೆ 2014ರಲ್ಲಿ ನಾನು ಒಬ್ಬ ತಾಯಿಯ ಮುಂದೆ ಸುಳ್ಳು ಠರಾವು ಹಿಡಿದು ನಿಂತಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದು ಗಾದೆ. ಆ ಪೂಜಾರಿ ಯಾರೆಂದು ಹುಡುಕಿಕೊಂಡು ಬೆಂಗಳೂರಿಗೆ ಹೋಗುವುದು ಬೇಕಿರಲಿಲ್ಲ.

ಮರುದಿನ ಹೆಡ್‌ಮಾಸ್ತರರಿಗೆ ಪುಸ್ತಕ ಹಿಂದಿರುಗಿಸಿ, ಇನ್ನು ಮೇಲೆ ಮನೆಮನೆಗೆ ಒಯ್ಯುವುದಿಲ್ಲ, ಸಭೆ ಕರೆಯಿರಿ ಎಂದೆ. ಅವರು ಕೆಟ್ಟವರಲ್ಲ, ಸುತ್ತೋಲೆಗಳ ನಡುವೆ ಸಿಕ್ಕಿಬಿದ್ದವರು. "ಸಭೆ ಕರೆದರ ಯಾರ್ ಬರ್ತಾರ ಮೇಡಂ?" ಎಂದರು. ದಿನಗೂಲಿ ಬಿಟ್ಟು ಹಗಲು ಹನ್ನೊಂದಕ್ಕೆ ಯಾರೂ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಸಂಜೆ ಐದೂವರೆಗೆ ಇಟ್ಟೆವು. ಹನ್ನೊಂದು ಜನ ತಾಯಂದಿರು ಬಂದರು. ನಾನು ಅನುಸೂಚಿಯನ್ನು ಗಟ್ಟಿಯಾಗಿ ಓದಿದೆ. ಒಂದೊಂದು ಸಾಲು ಓದಿದ ಮೇಲೂ ನಿಲ್ಲಿಸಿ, "ನಮ್ಮ ಸಾಲ್ಯಾಗ ಐತೇನು?" ಎಂದು ಕೇಳಿದೆ. ಇದೆ, ಇಲ್ಲ, ಅರ್ಧ ಇದೆ ಎಂದು ಅವರೇ ಹೇಳಿದರು. ಯೋಜನೆ ಎಂದರೆ ಏನೋ ದೊಡ್ಡದು ಎಂದು ನಾವು ಹೆದರಿದ್ದೆವು. ಒಂದೂವರೆ ಗಂಟೆಯಲ್ಲಿ ಅದು ತಯಾರಾಗಿತ್ತು.

ಅದೇ ಕಾಯ್ದೆಯ 32ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ಮಗುವಿನ ಹಕ್ಕಿನ ಬಗ್ಗೆ ಯಾರಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಬರವಣಿಗೆಯಲ್ಲಿ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಹೇಳಬೇಕು. ದೂರು ಬರೆದದ್ದು ತಾಯಂದಿರು. ಅಕ್ಷರ ಚೆನ್ನಾಗಿದ್ದ ಒಬ್ಬಾಕೆ ಬರೆದಳು, ಉಳಿದವರು ಹೇಳಿದರು. ಒಂದು ಪ್ರತಿ ಪುರಸಭೆಗೆ, ಒಂದು ಶಿಕ್ಷಣ ಇಲಾಖೆಯ ತಾಲ್ಲೂಕು ಕಚೇರಿಗೆ. ಸ್ವೀಕೃತಿಯ ಮುದ್ರೆ ಬೀಳುವ ತನಕ ಕೌಂಟರಿನ ಮುಂದಿನಿಂದ ಕದಲಲಿಲ್ಲ. ನೀರಿನ ಸಂಪರ್ಕ ಬರಲು ಮೂರರ ಜಾಗದಲ್ಲಿ ಏಳು ತಿಂಗಳು ಬೇಕಾಯಿತು. ನಡುವೆ ನಾಲ್ಕು ಸಲ ಹೋಗಿ ನಿಂತದ್ದು ಬೇರೆ. ಆದರೆ ಬಂತು. ಅದೇ ಅರ್ಜಿಯಲ್ಲಿ ಗಣಿತಕ್ಕೆ ಶಿಕ್ಷಕರು ಬೇಕೆಂದು ಕೇಳಿದ್ದರು. ಅದು ಬರಲು ಮೂರು ವರ್ಷ ಹಿಡಿಯಿತು. ಎಲ್ಲ ಗೆದ್ದೆವು ಎಂದು ನಾನು ಹೇಳಲಾರೆ. ಆ ಏಳನೆಯ ಇಯತ್ತೆಯ ಹುಡುಗಿ ನಳದಲ್ಲಿ ನೀರು ಬಂದದ್ದನ್ನು ನೋಡಿ, ಒಂದು ತಿಂಗಳಷ್ಟೇ ಅದನ್ನು ಬಳಸಿ, ಹೈಸ್ಕೂಲಿಗೆ ಹೋದಳು.

ಇದನ್ನು ಹೇಳಿದಾಗಲೆಲ್ಲ ನನ್ನ ಜೊತೆಯವರು ಮೂರು ಆಕ್ಷೇಪಣೆ ಎತ್ತುತ್ತಾರೆ. ಒಂದು, ಆ ತಾಯಂದಿರು ಓದು ಬರಹ ಬಾರದವರು, ಅವರಿಗೆ ಕಾನೂನು ಏನು ತಿಳಿದೀತು ಎಂದು. ತಿಳಿಯದೇ ಇದ್ದದ್ದು ಬಿ.ಎ., ಬಿ.ಎಡ್. ಆದ ನನಗೆ. ಶೌಚಾಲಯದಲ್ಲಿ ನೀರಿಲ್ಲ ಎಂಬುದನ್ನು ತಿಳಿಯಲು ಯಾವ ಡಿಗ್ರಿಯೂ ಬೇಡ. 1990ರ ದಶಕದ ಮೊದಲಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದವರು ರಾತ್ರಿ ಸಾಕ್ಷರತಾ ತರಗತಿಯಲ್ಲಿ ಆಗಷ್ಟೇ ಅಕ್ಷರ ಕಲಿಯುತ್ತಿದ್ದ ಹೆಂಗಸರು. ಆ ಚಳವಳಿ ಊರಿಂದ ಊರಿಗೆ ಹಬ್ಬಿ, 1993ರಲ್ಲಿ ಸರ್ಕಾರ ರಾಜ್ಯದಲ್ಲೆಲ್ಲ ಸಾರಾಯಿ ನಿಷೇಧಿಸಬೇಕಾಯಿತು.

ಎರಡನೆಯದು, ಮಾತಾಡಿದರೆ ಶಿಕ್ಷಕರಿಗೆ ತೊಂದರೆ ಎಂದು. ಇದು ನಿಜ. ಸರ್ಕಾರದ ನೀತಿಯನ್ನು ನಾವು ಬಹಿರಂಗವಾಗಿ ಟೀಕಿಸುವಂತಿಲ್ಲ. ನೌಕರರ ನಡತೆ ನಿಯಮ ಹಾಗಿದೆ. ಈ ಬರಹದಲ್ಲಿ ನಾನು ಬೈಯುತ್ತಿರುವುದು ನಮ್ಮನ್ನೇ. ಅದಕ್ಕೆ ಯಾವ ನಿಯಮವೂ ಅಡ್ಡ ಬರಲಾರದು ಎಂದುಕೊಂಡಿದ್ದೇನೆ. ಆದರೆ ಕಾಯ್ದೆಯ 24ನೇ ಕಲಂ ಪಾಲಕರ ಸಭೆಯನ್ನು ತಪ್ಪದೆ ನಡೆಸುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಕಾನೂನನ್ನು ಓದಿ ಹೇಳುವುದು ಟೀಕೆಯಲ್ಲ. ಅದು ಪಾಠ.

ಮೂರನೆಯದು, ಬಡವರ ಮಾತನ್ನು ಯಾರು ಕೇಳುತ್ತಾರೆ ಎಂದು. ಕೇಳಿದ್ದನ್ನು ನಾವೇ ನೋಡಿದ್ದೇವಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಸರ್ಕಾರಿ ಶಾಲೆಯ ಮಕ್ಕಳೇ ಮುಂದೆ ಬಂದು, ತಿನ್ನುವವರು ನಾವು, ನಮಗೆ ಬೇಕು ಎಂದರು. ಮೊಟ್ಟೆ ನಿಲ್ಲಲಿಲ್ಲ. ತಿನ್ನದವರಿಗೆ ಬಾಳೆಹಣ್ಣು ಇತ್ತು. ಆಮೇಲೆ ಎಲ್ಲ ಜಿಲ್ಲೆಗಳಿಗೂ ಬಂತು, 2024ರ ಸೆಪ್ಟೆಂಬರಿನಲ್ಲಿ ವಾರಕ್ಕೆ 6 ದಿನ ಕೊಡುವ ಏರ್ಪಾಟೂ ಆಯಿತು. ಮೊಟ್ಟೆ ತಿನ್ನಬೇಕೋ ಬೇಡವೋ ಎಂಬುದು ಅವರವರಿಗೆ ಬಿಟ್ಟದ್ದು. ತಟ್ಟೆ ಹಿಡಿದವರು ಮಾತಾಡಿದರೆ ಅದಕ್ಕೆ ತೂಕವಿದೆ ಎಂಬುದಷ್ಟೇ ನನ್ನ ಮಾತು.

ಮಾತಾಡದಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2024ರ ಮಾರ್ಚಿನಲ್ಲಿ 5, 8, 9ನೇ ತರಗತಿಯ ಮಕ್ಕಳಿಗೆ ರಾಜ್ಯಮಟ್ಟದ ಪರೀಕ್ಷೆ ಇಟ್ಟರು. ಹೈಕೋರ್ಟಿನ ಒಂದು ಪೀಠ ಬೇಡವೆಂದಿತು, ಇನ್ನೊಂದು ಪೀಠ ನಡೆಸಿ ಎಂದಿತು. ಕೆಲವು ಪತ್ರಿಕೆ ಬರೆದ ಮೇಲೆ ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಮತ್ತೆ ಶುರುವಾಯಿತು. ಬರೆದು ಮುಗಿದ ಮೇಲೆ ಏಪ್ರಿಲಿನಲ್ಲಿ ಫಲಿತಾಂಶಕ್ಕೇ ತಡೆಯಾಯಿತು. ನಮ್ಮ ಐದನೆಯ ಇಯತ್ತೆಯ ಹತ್ತು ವರ್ಷದ ಮಕ್ಕಳು ದಿನಾ ಬಂದು, "ನಾಳೆ ಐತೋ ಇಲ್ಲೋ ಅಕ್ಕೋರೇ?" ಎಂದು ಕೇಳುತ್ತಿದ್ದವು. ಇದನ್ನು ಕೋರ್ಟಿಗೆ ಒಯ್ದವರು ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳ ಸಂಘಟನೆಗಳು. ಅವರಿಗೆ ವಕೀಲರಿದ್ದಾರೆ, ಸಂಘವಿದೆ. ಅವರು ಮಾತಾಡಿದ್ದು ತಪ್ಪಲ್ಲ. ಪರೀಕ್ಷೆ ಬೇಕೇ ಬೇಡವೇ ಎಂದು ನಮ್ಮ ಶಾಲೆಯ ತಾಯಂದಿರನ್ನು ಮಾತ್ರ ಯಾರೂ ಕೇಳಲಿಲ್ಲ. ನಾವೂ ಒಂದು ಸಾಲಿನ ಠರಾವು ಬರೆದು ಕಳಿಸಲಿಲ್ಲ. ಪುಸ್ತಕ ಕಪಾಟಿನಲ್ಲೇ ಇತ್ತು. 2014ರ ಪಾಠವನ್ನು ನಾನು ಹತ್ತು ವರ್ಷದಲ್ಲಿ ಮರೆತಿದ್ದೆ.

ಈಗ ನಿಮ್ಮ ಕಡೆ ತಿರುಗುತ್ತೇನೆ, ಗೆಳತಿಯರೇ. ಈ ಪುಸ್ತಕ ಓದುವ ನೀವು ಬಹುಪಾಲು ನನ್ನ ಹಾಗೆ ಊರು, ಪಟ್ಟಣಗಳಲ್ಲಿರುವವರು. ನಿಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದಿಲ್ಲ. ನನ್ನ ಮಕ್ಕಳೂ ಓದಿಲ್ಲ. ಇಬ್ಬರನ್ನೂ ಖಾಸಗಿ ಶಾಲೆಗೆ, ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆ. ಬೆಳಿಗ್ಗೆ ಅವರನ್ನು ಹಳದಿ ಬಸ್ಸಿಗೆ ಹತ್ತಿಸಿ, ಆಮೇಲೆ ಬೇರೆಯವರ ಮಕ್ಕಳಿಗೆ ಕನ್ನಡ ಶಾಲೆಯ ಹಿರಿಮೆ ಹೇಳಲು ಹೋಗುತ್ತಿದ್ದೆ. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು, ಉತ್ತರ ಪ್ರದೇಶದಲ್ಲಿ ಸರ್ಕಾರದ ಸಂಬಳ ಪಡೆಯುವವರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಏರ್ಪಾಟು ಮಾಡಬೇಕು ಎಂದು ತೀರ್ಪು ಕೊಟ್ಟಿತು. ಪೇಪರಿನಲ್ಲಿ ಅದನ್ನು ಓದಿದ ನನ್ನ ಮಗಳು, "ಅವ್ವಾ, ಇದು ನಮ್ಮ ಕಡೆ ಬಂದಿದ್ರ ನೀ ಏನ್ ಮಾಡ್ತಿದ್ದಿ?" ಎಂದಳು. ಹಾಲು ಉಕ್ಕುತ್ತದೆ ಎಂದು ಅಡುಗೆಮನೆಗೆ ಎದ್ದು ಹೋದೆ.

ನಮ್ಮ ಮಕ್ಕಳ ಜೊತೆ ಇನ್ನೂ ಒಂದು ಆ ಶಾಲೆಗಳಿಂದ ಹೊರಟುಹೋಯಿತು. ಅರ್ಜಿ ಬರೆಯಲು ಬರುವವರು, ಕಚೇರಿಯಲ್ಲಿ ಕುರ್ಚಿ ಎಳೆದು ಕೂರುವ ಧೈರ್ಯವಿರುವವರು, ಶಾಸಕರ ಮನೆಗೆ ಫೋನು ಮಾಡಬಲ್ಲವರು ಹೊರಟುಹೋದರು. ಕಾಯ್ದೆಯಲ್ಲಿ ಖಾಸಗಿ ಶಾಲೆಗಳ ಒಂದನೆಯ ತರಗತಿಯಲ್ಲಿ 25 ಪಾಲು ಸೀಟು ಹಿಂದುಳಿದ ಮಕ್ಕಳಿಗೆ ಎಂದಾಗ, ಮುಂದೆ ಬರಬಲ್ಲ ಬಡ ಪಾಲಕರೂ ಆ ಕಡೆ ಹೋದರು. ಅವರ ಅರ್ಜಿಗಳನ್ನು ನಾನೇ ತುಂಬಿಕೊಟ್ಟಿದ್ದೇನೆ. ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು? ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು 2019ರಲ್ಲಿ ನಮ್ಮ ರಾಜ್ಯದ ನಿಯಮ ಬದಲಾಯಿತು. ಸರ್ಕಾರಿ ಶಾಲೆ ಉಳಿಯುತ್ತದೆ ಎಂದು ಕೆಲವರು ಸಂತೋಷಪಟ್ಟರು. ಆದರೆ ನೆರೆಮನೆಯ ಬಾಗಿಲು ಹಾಕಿದ ಮಾತ್ರಕ್ಕೆ ನಮ್ಮ ಮನೆಯ ಸೂರು ಸೋರುವುದು ನಿಲ್ಲುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಿಮ್ಮ ಮಕ್ಕಳನ್ನು ನಾಳೆಯೇ ಸರ್ಕಾರಿ ಶಾಲೆಗೆ ಹಾಕಿ ಎಂದು ಹೇಳುವ ಅರ್ಹತೆ ನನಗಿಲ್ಲ. ಅಷ್ಟು ಮಾಡದೆಯೂ ಮಾಡಬಹುದಾದದ್ದು ಬೇಕಾದಷ್ಟಿದೆ. ನಿಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂದು ಕೇಳಿ. ಸಮಿತಿಯ ಸಭೆಯ ದಿನ ಅವಳಿಗೆ ಸಂಜೆಯ ರಜೆ ಕೊಡಿ, ಪಗಾರ ಹಿಡಿಯಬೇಡಿ. ಅನುಸೂಚಿಯ ಆ ಒಂದು ಪುಟವನ್ನು ಅವಳಿಗೆ ಓದಿ ಹೇಳಿ. ಅವಳು ಹೇಳಿದ್ದನ್ನು ನಿಮ್ಮ ಚೆಂದದ ಅಕ್ಷರದಲ್ಲಿ ಬರೆದುಕೊಡಿ. ಮಾತು ಅವಳದೇ ಇರಲಿ, ನಿಮ್ಮ ಉಪದೇಶ ಸೇರಿಸಬೇಡಿ. ವಿಧಾನಸಭೆಯಲ್ಲೂ ವಿಧಾನ ಪರಿಷತ್ತಿನಲ್ಲೂ ಜನರ ಅರ್ಜಿ ನೋಡಲೆಂದೇ ಅರ್ಜಿಗಳ ಸಮಿತಿಗಳಿವೆ. ನಿಮ್ಮ ಶಾಸಕರಿಗೆ ಅದನ್ನು ನೆನಪಿಸಿ.

ಇನ್ನೊಂದು ಮಾತು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು. ಆದರೆ ಸಂವಿಧಾನದ ಪ್ರಕಾರ ಅಲ್ಲಿ ಮತ ಹೈಸ್ಕೂಲು ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ. ಪ್ರಾಥಮಿಕ ಶಾಲೆಯವರಿಗೆ ಇಲ್ಲ. ಅಕ್ಷರ ತಿದ್ದಿಸುವವರಿಗೆ ಶಿಕ್ಷಕರೆಂದು ಮತವಿಲ್ಲ! ಇನ್ನೂ 7 ಪದವೀಧರರ ಕ್ಷೇತ್ರಗಳಿವೆ. ಡಿಗ್ರಿ ಮುಗಿಸಿ ಮೂರು ವರ್ಷವಾದ ಯಾರಾದರೂ ಹೆಸರು ನೋಂದಾಯಿಸಬಹುದು. ನಿಮ್ಮ ಬಿ.ಎ., ಬಿ.ಕಾಂ. ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಮದುವೆ ಸೀರೆಯ ಕೆಳಗಿದೆಯಲ್ಲ, ಅದನ್ನು ತೆಗೆಯಿರಿ. ಮತ ಕೇಳಲು ಬಂದವರನ್ನು ಕೇಳಿ: ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ? ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದು ಎನ್ನುತ್ತದೆ 26ನೇ ಕಲಂ. ಮತ ಕೇಳುವವರಿಗೆ ಇದು ಗೊತ್ತಿದೆಯೇ ನೋಡಿ.

ನಮ್ಮ ಶಾಲೆಯ ಸಭೆ ಈಗ ಎರಡು ತಿಂಗಳಿಗೊಮ್ಮೆ ಸಂಜೆ ಐದೂವರೆಗೆ ನಡೆಯುತ್ತದೆ. ಕೆಲವು ಸಲ ನಾಲ್ಕು ಜನ, ಕೆಲವು ಸಲ ಹದಿನಾಲ್ಕು. ಮಳೆಗಾಲದಲ್ಲಿ, ಸುಗ್ಗಿಯಲ್ಲಿ ಇನ್ನೂ ಕಡಿಮೆ. ಬಂದವರ ಮುಂದೆ ಠರಾವನ್ನು ಎರಡು ಸಲ ಗಟ್ಟಿಯಾಗಿ ಓದುತ್ತೇವೆ, ಆಮೇಲೆ ಸಹಿ. ಹೋದ ಸಲ ಹೊಸದಾಗಿ ಬಂದ ಒಬ್ಬ ತಾಯಿ ನನ್ನನ್ನು ತಡೆದು, "ಅಕ್ಕೋರೇ, ಆ ಮೂರನೇ ಸಾಲು ಇನ್ನೊಮ್ಮೆ ಓದ್ರಿ" ಎಂದಳು. ಓದಿದೆ. ಕಾಂಪೌಂಡಿನ ಉದ್ದ ತಪ್ಪಾಗಿತ್ತು. ಹೊಡೆದು ಹಾಕಿ ಸರಿಯಾಗಿ ಬರೆದೆವು. ಆಮೇಲೆ ಅವಳು ಸಹಿ ಮಾಡಿದಳು.